ಪುಸ್ತಕ ಅಚ್ಚಾಗಿ ಬರುವ 9 ದಿನ ಮೊದಲೇ ಹೊರಟುಹೋದ ಸುಕುಮಾರ್ ರೇ

ಸತ್ಯಜಿತ್ ರೇ ಹೆಸರು ಕೇಳದವರು ಕಡಿಮೆ. ಆದರೆ ಬಂಗಾಳದ ಮಕ್ಕಳು ಸತ್ಯಜಿತ್‌ಗಿಂತ ಮೊದಲು ಓದುವುದು ಅವರ ಅಪ್ಪನನ್ನು. ಪದ್ಯವೂ ಅವರದ್ದೇ, ಪಕ್ಕದ ಚಿತ್ರವೂ ಅವರದ್ದೇ.

ಸುಕುಮಾರ್ ರೇ ಹುಟ್ಟಿದ್ದು 1887ರ ಅಕ್ಟೋಬರ್ 30ರಂದು, ಕಲ್ಕತ್ತಾದಲ್ಲಿ. ತಂದೆ ಉಪೇಂದ್ರಕಿಶೋರ್ ಸ್ವತಃ ಮಕ್ಕಳ ಲೇಖಕ, ಚಿತ್ರಕಾರ, ಜೊತೆಗೆ ಹಾಫ್‌ಟೋನ್ ಮುದ್ರಣದಲ್ಲಿ ಪಳಗಿದವರು. ಮಗ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ ಓದಿದರು. ಗೆಳೆಯರನ್ನು ಕಟ್ಟಿಕೊಂಡು 'ನಾನ್‌ಸೆನ್ಸ್ ಕ್ಲಬ್' ಶುರು ಮಾಡಿದರು. 1911ರಲ್ಲಿ ವಿದ್ಯಾರ್ಥಿವೇತನ ಪಡೆದು ಇಂಗ್ಲೆಂಡಿಗೆ ಹೋಗಿ, ಲಂಡನ್ ಮತ್ತು ಮ್ಯಾಂಚೆಸ್ಟರ್‌ನಲ್ಲಿ ಮುದ್ರಣ ತಂತ್ರಜ್ಞಾನ ಕಲಿತರು.

1913ರಲ್ಲಿ ಉಪೇಂದ್ರಕಿಶೋರ್ 'ಸಂದೇಶ್' ಎಂಬ ಮಕ್ಕಳ ಮಾಸಿಕ ಆರಂಭಿಸಿದರು. ಬಂಗಾಳಿಯಲ್ಲಿ ಈ ಪದಕ್ಕೆ ಸುದ್ದಿ ಎಂದೂ ಅರ್ಥ, ಸಿಹಿತಿಂಡಿಯ ಹೆಸರೂ ಹೌದು. ಅದೇ ವರ್ಷ ಸುಕುಮಾರ್ ಊರಿಗೆ ಮರಳಿದರು. 1915ರ ಡಿಸೆಂಬರ್‌ನಲ್ಲಿ ತಂದೆ ತೀರಿಕೊಂಡಾಗ ಪತ್ರಿಕೆ, ಪ್ರೆಸ್ ಎರಡೂ ಇವರ ಹೆಗಲಿಗೆ ಬಂದವು.

ಅವರ ಕಲ್ಪನೆ ಎಂಥದ್ದು ಗೊತ್ತೇ? 'ಖಿಚಡಿ' ಎಂಬ ಪದ್ಯದಲ್ಲಿ ಬಾತುಕೋಳಿ ಮತ್ತು ಮುಳ್ಳುಹಂದಿ ಬೆರೆತು ಹೊಸ ಪ್ರಾಣಿಯಾಗುತ್ತವೆ. ಹೆಸರೂ ಬೆರಕೆಯದ್ದೇ: ಹಾಂಸ್ ಮತ್ತು ಸಜಾರು ಸೇರಿ ಹಾಂಸ್‌ಜಾರು. ಹಾತಿ (ಆನೆ) ಮತ್ತು ತಿಮಿ (ತಿಮಿಂಗಿಲ) ಸೇರಿದರೆ ಹಾತಿಮಿ. ನಮ್ಮಲ್ಲಾದರೆ 'ಆನೆಮಿಂಗಿಲ' ಅನ್ನಬಹುದೇನೋ! ಪಾಪ, ಅದರ ಅರ್ಧ ದೇಹಕ್ಕೆ ನೀರು ಬೇಕು, ಇನ್ನರ್ಧಕ್ಕೆ ಕಾಡು. 'ಹ ಜ ಬ ರ ಲ' ಕಥೆಯಲ್ಲಿ ಬೆವರು ಒರೆಸಿಕೊಳ್ಳಲು ಹುಡುಗ ಕೈಚಾಚಿದರೆ ಕರವಸ್ತ್ರ ಬೆಕ್ಕಾಗಿರುತ್ತದೆ. ಹೇಗೆ, ಏಕೆ ಎಂಬ ವಿವರಣೆ ಇಲ್ಲ. ಮಕ್ಕಳ ಕಥೆ ಎಂದರೆ ನೀತಿಪಾಠ ಎಂದುಕೊಂಡವರಿಗೆ ಇದು ಇಂದಿಗೂ ಕಸಿವಿಸಿಯೇ.

1921ರ ಮೇ 2ರಂದು ಸತ್ಯಜಿತ್ ಹುಟ್ಟಿದರು. ಅದೇ ವರ್ಷ ಸುಕುಮಾರ್‌ಗೆ ಕಾಲಾ ಅಜಾರ್ ಅಂಟಿತು. ಈ ಜ್ವರಕ್ಕೆ ಯೂರಿಯಾ ಸ್ಟಿಬಮೈನ್ ಎಂಬ ಔಷಧವನ್ನು ಉಪೇಂದ್ರನಾಥ ಬ್ರಹ್ಮಚಾರಿ ರೂಪಿಸಿದ್ದು ಅದೇ ಕಲ್ಕತ್ತಾದಲ್ಲಿ, ಹೆಚ್ಚುಕಡಿಮೆ ಅದೇ ವರ್ಷಗಳಲ್ಲಿ. ಸುಕುಮಾರ್ ಮಾತ್ರ ಗುಣವಾಗಲಿಲ್ಲ.

ಎರಡು ವರ್ಷಕ್ಕೂ ಹೆಚ್ಚು ಕಾಲ ಕಾಯಿಲೆಯಲ್ಲೇ ಅವರು ಬರೆದರು, ಚಿತ್ರ ಬಿಡಿಸಿದರು. ತಮ್ಮ ಪದ್ಯಗಳ ಸಂಕಲನ 'ಆಬೋಲ್ ತಾಬೋಲ್'ನ ಪುಟವಿನ್ಯಾಸ, ಮುಖಪುಟವನ್ನೂ ತಾವೇ ಸಿದ್ಧಪಡಿಸಿದರು. ಸಾವಿನಂಚಿನಲ್ಲಿದ್ದವರು ಮಕ್ಕಳನ್ನು ನಗಿಸುವ ಪುಸ್ತಕಕ್ಕಾಗಿ ಹೀಗೆ ಹಟ ಹಿಡಿದು ದುಡಿದದ್ದು ಅವರ ಬದುಕಿನ ದೊಡ್ಡ ಸಂಗತಿ. ಕೊನೆಯ ದಿನಗಳಲ್ಲಿ ರವೀಂದ್ರನಾಥ ಟ್ಯಾಗೋರ್ ಮನೆಗೆ ಬಂದು, ಹಾಸಿಗೆಯ ಪಕ್ಕ ಕುಳಿತು ಹಾಡಿದರು.

1923ರ ಸೆಪ್ಟೆಂಬರ್ 10ರಂದು ಸುಕುಮಾರ್ ತೀರಿಕೊಂಡರು. ವಯಸ್ಸು ಕೇವಲ 35. 'ಆಬೋಲ್ ತಾಬೋಲ್' ಹೊರಬಂದದ್ದು ಸೆಪ್ಟೆಂಬರ್ 19ರಂದು.

ಮುಂದೆ ಕುಟುಂಬ ಪ್ರೆಸ್ಸನ್ನೂ ಕಳೆದುಕೊಂಡಿತು. ಪತ್ರಿಕೆ ನಿಂತಿತು. ಅಪ್ಪ ಹೋದಾಗ ಎರಡೂವರೆ ವರ್ಷದವರೂ ಆಗಿರದ ಸತ್ಯಜಿತ್ 1961ರಲ್ಲಿ 'ಸಂದೇಶ್'ಗೆ ಮರುಜೀವ ಕೊಟ್ಟು, ಅಪ್ಪನಂತೆಯೇ ಅದಕ್ಕೆ ಕಥೆ ಬರೆದರು, ಚಿತ್ರವನ್ನೂ ಬಿಡಿಸಿದರು. ಅಪ್ಪನ ಕುರಿತ ಸಾಕ್ಷ್ಯಚಿತ್ರವನ್ನು ಅವರು ಮಾಡಿದ್ದು 1987ರಲ್ಲಿ, ಸುಕುಮಾರ್ ಹುಟ್ಟಿ 100 ವರ್ಷ ತುಂಬಿದಾಗ.