ಸರ್ಕಾರದ ಪರಿಹಾರ ತಗೊಂಡವನು ವಿಶ್ವ ಚಾಂಪಿಯನ್ ಆದ: ಜಿಮ್ ಬ್ರಾಡಕ್ ಬದುಕು

ಬಿಟ್ಟಿ ಕೊಟ್ಟರೆ ಜನ ಸೋಮಾರಿಗಳಾಗ್ತಾರೆ ಅನ್ನೋ ಮಾತನ್ನು 2023ರಲ್ಲಿ ಗ್ಯಾರಂಟಿ ಯೋಜನೆಗಳು ಶುರುವಾದಾಗಿನಿಂದ ದಿನಾ ಕೇಳ್ತಾ ಇದ್ದೀನಿ. ನಾನಿರುವ ತುಮಕೂರಿನ ಸದಾಶಿವನಗರದಲ್ಲೂ ಇದೇ ಮಾತು. ಟೀ ಅಂಗಡಿ ಮುಂದೆ, ಬೆಳಗಿನ ವಾಕಿಂಗ್‌ನಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ. ಹೇಳುವವರು ಕೆಟ್ಟವರೇನಲ್ಲ, ಹೆಚ್ಚಿನವರು ಕಷ್ಟಪಟ್ಟು ಮೇಲೆ ಬಂದವರೇ. ಅವರ ಜೊತೆ ಅಂಕಿ-ಅಂಶ ಹಿಡಿದು ಜಗಳ ಆಡೋದಕ್ಕಿಂತ ಒಬ್ಬ ಮನುಷ್ಯನ ಬದುಕನ್ನು ಮುಂದಿಡೋದು ವಾಸಿ ಅಂತ ನನಗೆ ಅನ್ನಿಸಿದೆ.

ಆ ಮನುಷ್ಯನ ಹೆಸರು ಜೇಮ್ಸ್ ಬ್ರಾಡಕ್. 1935ರಲ್ಲಿ ಬಾಕ್ಸಿಂಗ್‌ನ ವಿಶ್ವ ಹೆವಿವೇಟ್ ಚಾಂಪಿಯನ್ ಆದವನು. ಅದಕ್ಕೆ ಒಂದೇ ವರ್ಷ ಮುಂಚೆ ಹೆಂಡತಿ ಮಕ್ಕಳ ಹೊಟ್ಟೆ ತುಂಬಿಸಲಾರದೆ ಸರ್ಕಾರದ ಪರಿಹಾರ ಧನಕ್ಕೆ ಕೈಯೊಡ್ಡಿದವನು. 2005ರಲ್ಲಿ ರಸೆಲ್ ಕ್ರೋ ನಟಿಸಿದ 'ಸಿಂಡರೆಲ್ಲಾ ಮ್ಯಾನ್' ಸಿನಿಮಾ ನೋಡಿದವರಿಗೆ ಈ ಕಥೆ ಸ್ವಲ್ಪ ಗೊತ್ತಿರುತ್ತೆ. ಆದರೆ ಸಿನಿಮಾದ ಪವಾಡವನ್ನು ಪಕ್ಕಕ್ಕಿಟ್ಟು ನೋಡಿದರೆ ಅದರೊಳಗೆ ನಮ್ಮ ಇವತ್ತಿನ ಜಗಳವೇ ಕಾಣುತ್ತೆ.

ಬಲಗೈ ನಂಬಿ ಬಂದ ಹುಡುಗ

ಬ್ರಾಡಕ್ ಹುಟ್ಟಿದ್ದು 1905ರ ಜೂನ್ 7ರಂದು, ನ್ಯೂಯಾರ್ಕಿನ ಹೆಲ್ಸ್ ಕಿಚನ್ ಎಂಬ ಬಡವರ ಬಡಾವಣೆಯಲ್ಲಿ. ಐರಿಷ್ ಮೂಲದ, ದುಡಿದು ತಿನ್ನುವ ಮನೆತನ. ಆಮೇಲೆ ಕುಟುಂಬ ಹಡ್ಸನ್ ನದಿ ದಾಟಿ ನ್ಯೂಜೆರ್ಸಿಗೆ ಬಂತು. 1926ರಲ್ಲಿ ಆತ ದುಡ್ಡಿಗಾಗಿ ಆಡುವ ವೃತ್ತಿಪರ ಬಾಕ್ಸರ್ ಆದ. ಎತ್ತರದ, ತೆಳ್ಳನೆ ಆಳು. ಬಲಗೈ ಗುದ್ದು ಮಾತ್ರ ಕಬ್ಬಿಣ. ಅದೊಂದನ್ನೇ ನಂಬಿ ಮೂರು ವರ್ಷದಲ್ಲಿ ಲೈಟ್ ಹೆವಿವೇಟ್ ಪಟ್ಟದ ಬಾಗಿಲಿಗೆ ಬಂದು ನಿಂತ.

1929ರ ಜುಲೈ 18ರಂದು ಯಾಂಕಿ ಕ್ರೀಡಾಂಗಣದಲ್ಲಿ ಚಾಂಪಿಯನ್ ಟಾಮಿ ಲಾಫ್ರನ್ ಎದುರು 15 ಸುತ್ತು ಆಡಿದ. ಲಾಫ್ರನ್ ಜಾಣ, ಕೈಗೆ ಸಿಗುವವನಲ್ಲ. ಬ್ರಾಡಕ್‌ನ ಬಲಗೈ ಗಾಳಿಯನ್ನು ಗುದ್ದಿದ್ದೇ ಹೆಚ್ಚು. ಪಟ್ಟ ಕೈತಪ್ಪಿತು.

ಅದೇ ವರ್ಷ ಅಕ್ಟೋಬರ್‌ನಲ್ಲಿ ಷೇರುಪೇಟೆ ಕುಸಿಯಿತು. ಅಮೆರಿಕದ ಮಹಾ ಆರ್ಥಿಕ ಕುಸಿತ ಶುರುವಾಯಿತು. ಬ್ರಾಡಕ್ ಕೂಡಿಟ್ಟಿದ್ದ ಹಣ ಅದರಲ್ಲಿ ಕರಗಿತು. 1930ರಲ್ಲಿ ಮೇ ಫಾಕ್ಸ್ ಎಂಬಾಕೆಯನ್ನು ಮದುವೆಯಾದ, ಒಂದರ ಹಿಂದೆ ಒಂದು ಮೂರು ಮಕ್ಕಳಾದವು. ಇತ್ತ ರಿಂಗಿನಲ್ಲಿ ಸೋಲಿನ ಮೇಲೆ ಸೋಲು. ಲಾಫ್ರನ್ ಪಂದ್ಯದ ನಂತರದ ನಾಲ್ಕು ವರ್ಷಗಳಲ್ಲಿ ಆತ ಗೆದ್ದದ್ದು 11, ಸೋತದ್ದು 20. ಬಲಗೈ ಮೂಳೆ ಮತ್ತೆ ಮತ್ತೆ ಮುರಿಯಿತು. ವಾಸಿಯಾಗುವ ತನಕ ಕಾಯೋಣ ಅಂದರೆ ಮನೆಯಲ್ಲಿ ಒಲೆ ಉರಿಯಬೇಕಲ್ಲ? ಅರ್ಧ ವಾಸಿಯಾದ ಕೈಯಲ್ಲೇ ಆಡೋದು, ಮತ್ತೆ ಮುರ್ಕೊಳ್ಳೋದು. 1933ರ ಸೆಪ್ಟೆಂಬರ್‌ನಲ್ಲಿ ಏಬ್ ಫೆಲ್ಡ್‌ಮನ್ ಎದುರಿನ ಪಂದ್ಯದಲ್ಲೂ ಕೈ ಮುರಿಯಿತು. ಇಬ್ಬರೂ ಸರಿಯಾಗಿ ಹೊಡೆದಾಡ್ತಿಲ್ಲ ಅಂತ ರೆಫರಿ ಪಂದ್ಯವನ್ನೇ ರದ್ದು ಮಾಡಿದ. ಇವನ ಕಥೆ ಮುಗೀತು ಅಂತ ಬಾಕ್ಸಿಂಗ್ ಲೋಕ ಕೈತೊಳೆದುಕೊಂಡಿತು.

ಬಂದರಿನ ಹಮಾಲಿ

ಮುಂದೆ ಆತ ಹೋಗಿದ್ದು ನ್ಯೂಜೆರ್ಸಿಯ ಹಡಗುಕಟ್ಟೆಗೆ. ಹಡಗಿಗೆ ಸರಕು ಏರಿಸುವ, ಇಳಿಸುವ ಕೂಲಿ. ನಮ್ಮ ಬಟವಾಡಿ ಎಪಿಎಂಸಿ ಯಾರ್ಡಿನಲ್ಲಿ ಮೂಟೆ ಹೊರುವ ಹಮಾಲಿಗಳನ್ನು ನೋಡಿದವರಿಗೆ ಆ ಕೆಲಸ ವಿವರಿಸಬೇಕಿಲ್ಲ. ಕೊಕ್ಕೆ ಹಾಕಿ ಎಳೆಯೋದು, ಹೊರೋದು, ಮತ್ತೆ ಬಂದು ಸಾಲಿನಲ್ಲಿ ನಿಲ್ಲೋದು. ಕೆಲಸ ಇದ್ದ ದಿನ ಕೂಲಿ, ಇಲ್ಲದ ದಿನ ಬರಿಗೈ. ಬೆಳಗ್ಗೆ ಮೇಸ್ತ್ರಿ ಬೆರಳು ತೋರಿಸಿದವನಿಗೆ ಮಾತ್ರ ಅವತ್ತಿನ ಅನ್ನ.

ಆದರೆ 1933ರ ಅಮೆರಿಕದಲ್ಲಿ ದುಡಿಯುವವರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಕೆಲಸ ಇರಲಿಲ್ಲ. ಹಾಲಿನವನ ಬಾಕಿ, ಮನೆ ಬಾಡಿಗೆ ಬಾಕಿ ಬೆಳೀತಾ ಹೋಯಿತು. ಕೊನೆಗೆ ಬ್ರಾಡಕ್ ಸರ್ಕಾರದ ಪರಿಹಾರಕ್ಕೆ ಅರ್ಜಿ ಹಾಕಿದ. ಪತ್ರಿಕೆಗಳಲ್ಲಿ ಫೋಟೋ ಬಂದಿದ್ದ, ಯಾಂಕಿ ಕ್ರೀಡಾಂಗಣದಲ್ಲಿ ಪಟ್ಟಕ್ಕೆ ಆಡಿದ್ದ ಆಳು ಆ ಸಾಲಿನಲ್ಲಿ ನಿಲ್ಲುವಾಗ ಏನನ್ನಿಸಿರಬೇಕು, ಊಹಿಸಿ. ಆತ ಸ್ವಾಭಿಮಾನಿ. ಅವಮಾನ ಅನ್ನಿಸಿದ್ದನ್ನು ಮುಂದೆ ಎಂದೂ ಮುಚ್ಚಿಡಲಿಲ್ಲ.

ಆ ಪರಿಹಾರ ಎಲ್ಲಿಂದ ಬಂತು ಅನ್ನೋದನ್ನೂ ನೋಡಬೇಕು. ಕುಸಿತ ಶುರುವಾದಾಗ ಅಧ್ಯಕ್ಷನಾಗಿದ್ದ ಹರ್ಬರ್ಟ್ ಹೂವರ್, ಕೇಂದ್ರ ಸರ್ಕಾರ ನೇರವಾಗಿ ಜನರ ಕೈಗೆ ನೆರವು ಕೊಟ್ಟರೆ ಅವರ ಸ್ವಾವಲಂಬನೆ ಹಾಳಾಗುತ್ತೆ ಅಂತ ನಂಬಿದ್ದ. ದಾನಧರ್ಮ ಮಾಡುವ ಸಂಸ್ಥೆಗಳು, ಊರಿನ ಆಡಳಿತಗಳು ನೋಡಿಕೊಳ್ಳಲಿ ಅನ್ನೋದು ಅವನ ನಿಲುವು. ಅವುಗಳ ಗಲ್ಲಾಪೆಟ್ಟಿಗೆ ಬೇಗನೆ ಬರಿದಾಯಿತು. 1933ರ ಮಾರ್ಚ್‌ನಲ್ಲಿ ಅಧಿಕಾರಕ್ಕೆ ಬಂದ ಫ್ರಾಂಕ್ಲಿನ್ ರೂಸ್‌ವೆಲ್ಟ್ ಮೇ ತಿಂಗಳಲ್ಲೇ ತುರ್ತು ಪರಿಹಾರದ ಕಾನೂನು ತಂದು ರಾಜ್ಯಗಳಿಗೆ ಹಣ ಹರಿಸಿದ. ಜನ ಸೋಮಾರಿಗಳಾಗ್ತಾರೆ ಅನ್ನುವ ವಾದ ಆಗಲೂ ಜೋರಾಗಿಯೇ ಇತ್ತು. ಅಂದರೆ ನಮ್ಮ ಟೀ ಅಂಗಡಿಯ ಮಾತಿಗೆ ಹತ್ತಿರ ಹತ್ತಿರ ನೂರು ವರ್ಷ ವಯಸ್ಸು.

ಎಡಗೈಗೆ ಬಂದ ಬಲ

ಬಂದರಿನಲ್ಲಿ ಇನ್ನೊಂದು ಸಂಗತಿ ನಡೀತಿತ್ತು. ಮುರಿದ ಬಲಗೈಯನ್ನು ಕಾಪಾಡಿಕೊಳ್ಳೋಕೆ ಬ್ರಾಡಕ್ ಭಾರವನ್ನೆಲ್ಲ ಎಡಗೈ ಮೇಲೆ ಹಾಕ್ತಿದ್ದ. ಹಿಂದೆ ಲೆಕ್ಕಕ್ಕೇ ಇರದಿದ್ದ ಎಡಗೈ ತಿಂಗಳುಗಟ್ಟಲೆ ದುಡಿದು ಗಟ್ಟಿಯಾಯಿತು. ಬಲಗೈಗೆ ವಿಶ್ರಾಂತಿ ಸಿಕ್ಕಿ ಮೂಳೆ ಕೂಡಿತು.

1934ರ ಜೂನ್ 14ರಂದು ಹಳೆಯ ಮ್ಯಾನೇಜರ್ ಜೋ ಗೌಲ್ಡ್ ಮೂಲಕ ಒಂದು ಪಂದ್ಯ ಸಿಕ್ಕಿತು. ತಯಾರಿಗೆ ಸಿಕ್ಕಿದ್ದು ಎರಡೇ ದಿನ. ಹೆಸರು ಮಾಡ್ತಿದ್ದ ಕಾರ್ನ್ ಗ್ರಿಫಿನ್ ಎಂಬ ಹುಡುಗನ ಏಣಿಗೆ ಒಂದು ಮೆಟ್ಟಿಲಾಗಿ ಇವನನ್ನು ಕರೆದಿದ್ದರು, ಅಷ್ಟೇ. ಸಂಭಾವನೆ 250 ಡಾಲರ್. ಎರಡನೇ ಸುತ್ತಿನಲ್ಲಿ ಬ್ರಾಡಕ್ ನೆಲಕ್ಕೆ ಬಿದ್ದ. ಎದ್ದ. ಮೂರನೇ ಸುತ್ತಿನಲ್ಲಿ ಗ್ರಿಫಿನ್ ಆಟ ಮುಗಿಸಿದ. ಅದೇ ರಾತ್ರಿ, ಅದೇ ರಿಂಗಿನಲ್ಲಿ ಮ್ಯಾಕ್ಸ್ ಬೇರ್ ಎಂಬ ದೈತ್ಯ ಇಟಲಿಯ ಪ್ರೀಮೊ ಕಾರ್ನೆರಾನನ್ನು ಮತ್ತೆ ಮತ್ತೆ ಕೆಡವಿ ವಿಶ್ವ ಹೆವಿವೇಟ್ ಪಟ್ಟ ಗೆದ್ದ. ಮೊದಲು ಗೆದ್ದ ಹಮಾಲಿಗೂ ಆಮೇಲೆ ಗೆದ್ದ ಚಾಂಪಿಯನ್ನಿಗೂ ಒಂದು ವರ್ಷದೊಳಗೆ ಮುಖಾಮುಖಿ ಆಗುತ್ತೆ ಅಂತ ಆ ರಾತ್ರಿ ಯಾರಿಗೂ ಅನ್ನಿಸಿರಲಾರದು.

ಮುಂದಿನ ಪಂದ್ಯಕ್ಕೆ ಐದು ತಿಂಗಳು ಕಾಯಬೇಕಾಯಿತು. ನವೆಂಬರ್‌ನಲ್ಲಿ ಜಾನ್ ಹೆನ್ರಿ ಲೂಯಿಸ್ ಮೇಲೆ ಗೆದ್ದ. 1935ರ ಮಾರ್ಚ್‌ನಲ್ಲಿ ಆರ್ಟ್ ಲಾಸ್ಕಿ ಎದುರು 15 ಸುತ್ತು ಆಡಿ ಗೆದ್ದ. ಮೂರು ಗೆಲುವು, ಮೂರೂ ಯಾರೂ ನಿರೀಕ್ಷಿಸದವು. ಪಟ್ಟಕ್ಕೆ ಸವಾಲು ಹಾಕುವ ಹಕ್ಕು ಸಿಕ್ಕಿತು.

ಕೈಗೆ ದುಡ್ಡು ಬಂದ ಮೇಲೆ ಬ್ರಾಡಕ್ ಮಾಡಿದ ಒಂದು ಕೆಲಸ ಅವನನ್ನು ದಂತಕಥೆ ಮಾಡಿತು. ತಾನು ಪಡೆದಿದ್ದ ಪರಿಹಾರದ ಹಣವನ್ನು ಸರ್ಕಾರಕ್ಕೆ ವಾಪಸ್ ಕಟ್ಟಿಬಿಟ್ಟ.

1935ರ ಜೂನ್ 13

ನ್ಯೂಯಾರ್ಕಿನ ಲಾಂಗ್ ಐಲೆಂಡ್ ಸಿಟಿಯಲ್ಲಿದ್ದ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಬೌಲ್‌ನಲ್ಲಿ ಪಂದ್ಯ. ಸುಮಾರು 30 ಸಾವಿರ ಜನ. ಬಾಜಿ ಕಟ್ಟುವವರ ಲೆಕ್ಕದಲ್ಲಿ ಬ್ರಾಡಕ್‌ಗೆ ಹತ್ತಕ್ಕೆ ಒಂದು. ಬೇರ್‌ಗೆ 26 ವರ್ಷ, ಇವನಿಗೆ ಆಗ ತಾನೇ 30 ತುಂಬಿತ್ತು. ಬೇರ್ ಏಳೆಂಟು ಕೆ.ಜಿ. ಹೆಚ್ಚು ತೂಕದವನು. ಅವನ ಗುದ್ದು ತಿಂದ ಫ್ರಾಂಕಿ ಕ್ಯಾಂಪ್‌ಬೆಲ್ ಎಂಬ ಬಾಕ್ಸರ್ 1930ರಲ್ಲಿ ಸತ್ತೇ ಹೋಗಿದ್ದ. ಸಿನಿಮಾ ಬೇರ್‌ನನ್ನು ರಾಕ್ಷಸನಂತೆ ತೋರಿಸುತ್ತೆ, ಅದು ಅನ್ಯಾಯ. ಆ ಸಾವು ಅವನನ್ನು ಬದುಕಿಡೀ ಕಾಡಿತ್ತು, ಕ್ಯಾಂಪ್‌ಬೆಲ್ ಕುಟುಂಬಕ್ಕೆ ಆತ ಹಣದ ನೆರವನ್ನೂ ಕೊಟ್ಟಿದ್ದ. ಆದರೆ ಆ ರಾತ್ರಿ ಅವನಿಗೆ ಎದುರಾಳಿಯ ಬಗ್ಗೆ ತಾತ್ಸಾರ ಇತ್ತು. ಸರಿಯಾಗಿ ತಯಾರಿ ಮಾಡಿರಲಿಲ್ಲ. ರಿಂಗಿನಲ್ಲಿ ಹಾಸ್ಯ, ಚೇಷ್ಟೆ.

ಬ್ರಾಡಕ್ ಚೇಷ್ಟೆಗೆ ಬಗ್ಗಲಿಲ್ಲ. ಎಡಗೈಯನ್ನು ಮುಂದೆ ಚಾಚಿ ಚುಚ್ಚುತ್ತಾ, ದೂರ ಕಾಪಾಡಿಕೊಳ್ಳುತ್ತಾ, ಸುತ್ತು ಸುತ್ತಿಗೂ ಅಂಕ ಕೂಡಿಸ್ತಾ ಹೋದ. ಮಧ್ಯೆ ಮಧ್ಯೆ ಬೇರ್‌ನ ಭಾರಿ ಗುದ್ದು ಬಿದ್ದಾಗ ತಲೆ ತಿರುಗಿತು, ಕಾಲು ಮಾತ್ರ ನಿಂತಿತ್ತು. 15 ಸುತ್ತು ಮುಗಿದಾಗ ತೀರ್ಪು ಸರ್ವಾನುಮತ. ಬಂದರಿನ ಹಮಾಲಿ ವಿಶ್ವ ಚಾಂಪಿಯನ್. ಪತ್ರಕರ್ತ ಡೇಮನ್ ರನ್ಯನ್ ಅವನಿಗೆ ಸಿಂಡರೆಲ್ಲಾ ಮ್ಯಾನ್ ಅಂತ ಹೆಸರಿಟ್ಟಿದ್ದ.

ನನಗೆ ಆ ಹೆಸರು ಅಷ್ಟು ಸರಿ ಕಾಣಲ್ಲ. ಸಿಂಡರೆಲ್ಲಾಳನ್ನು ಮೇಲೆತ್ತಿದ್ದು ಮಾಂತ್ರಿಕ ಕೋಲು. ಬ್ರಾಡಕ್‌ನನ್ನು ಎತ್ತಿದ್ದು ಎರಡು ಸಾದಾ ಸಂಗತಿ. ಒಂದು, ಅವನ ದುಡಿಮೆ. ಇನ್ನೊಂದು, ಅವನ ಮನೆಯಲ್ಲಿ ಒಲೆ ಆರದಂತೆ ನೋಡಿಕೊಂಡ ಸರ್ಕಾರದ ಪುಡಿಗಾಸು. ಮೊದಲನೆಯದನ್ನು ಎಲ್ಲರೂ ಹಾಡಿ ಹೊಗಳ್ತಾರೆ. ಎರಡನೆಯದನ್ನು ಬೇಗ ಮರೀತಾರೆ.

ವಾಪಸ್ ಕಟ್ಟಿದ ಹಣ ಏನು ಹೇಳುತ್ತೆ?

ಇಲ್ಲಿ ಒಂದು ಮಾತು ಬಂದೇ ಬರುತ್ತೆ. ನೋಡಿ, ಆತ ವಾಪಸ್ ಕಟ್ಟಿದ, ನಮ್ಮವರು ಕಟ್ತಾರಾ ಅಂತ. ನ್ಯಾಯವಾದ ಪ್ರಶ್ನೆ, ಉತ್ತರ ಕೊಡಬೇಕು.

ಬ್ರಾಡಕ್ ಕಟ್ಟಿದ್ದು ತನ್ನ ಮನಸ್ಸಿನ ಸಮಾಧಾನಕ್ಕೆ, ಕಟ್ಟೋ ಶಕ್ತಿ ಬಂದಿದ್ದಕ್ಕೆ. ಆ ಹಣ ಸಾಲವಾಗಿರಲಿಲ್ಲ. ಅದೇ ಹಡಗುಕಟ್ಟೆಯಲ್ಲಿ ಅವನ ಪಕ್ಕ ನಿಂತಿದ್ದ ಬೇರೆ ಕೂಲಿಗಳೂ ಪರಿಹಾರ ಪಡೆದರು. ಅವರಲ್ಲಿ ಯಾರೂ ಚಾಂಪಿಯನ್ ಆಗಲಿಲ್ಲ. ಅವರ ಮಕ್ಕಳೂ ಹಾಲು ಕುಡಿದರು, ಶಾಲೆಗೆ ಹೋದರು. ಪರಿಹಾರ ಇದ್ದದ್ದೇ ಅದಕ್ಕೆ. ಪಡೆದವನು ಪಟ್ಟ ಗೆದ್ದು ತೋರಿಸಿದರೆ ಮಾತ್ರ ಕೊಟ್ಟದ್ದು ಸಾರ್ಥಕ ಅನ್ನೋದಾದರೆ, ಬಡವನಿಗೆ ಊಟಕ್ಕೂ ಪರೀಕ್ಷೆ ಇಟ್ಟಂತೆ.

ಗೃಹಲಕ್ಷ್ಮಿಯ 2,000 ರೂಪಾಯಿ ಪಡೆಯುವ ಹೆಂಗಸು ಅದನ್ನು ಮಗಳ ಫೀಸಿಗೆ ಕಟ್ಟಬಹುದು, ಅತ್ತೆಯ ಮಾತ್ರೆಗೆ ಹಾಕಬಹುದು, ತನಗೊಂದು ಸೀರೆ ತಗೋಬಹುದು. ಯುವನಿಧಿಯಲ್ಲಿ ಕೆಲಸ ಇಲ್ಲದ ಪದವೀಧರನಿಗೆ ತಿಂಗಳಿಗೆ 3,000, ಡಿಪ್ಲೊಮಾದವನಿಗೆ 1,500, ಅದೂ ಹೆಚ್ಚೆಂದರೆ ಎರಡು ವರ್ಷ. ಆ ದುಡ್ಡಲ್ಲಿ ಯಾರೂ ಕಾಲು ಚಾಚಿ ಮಲಗಲಾರರು. ಬೆಂಗಳೂರಿಗೆ ಇಂಟರ್‌ವ್ಯೂಗೆ ಹೋಗಿ ಬರುವ ಖರ್ಚು ನಡೀಬಹುದು ಅಷ್ಟೇ. ನಮ್ಮೂರಿನ ಎಚ್‌ಎಂಟಿ ಗಡಿಯಾರ ಕಾರ್ಖಾನೆ ಮುಚ್ಚಿದಾಗ ಕೆಲಸ ಹೋದವರು ಸೋಮಾರಿಗಳಾಗಿದ್ದರಾ? ದಶಕಗಟ್ಟಲೆ ನಿಖರವಾಗಿ ದುಡಿದ ಕೈಗಳವು. ಕೆಲಸ ಹೋಗೋದಕ್ಕೆ ದುಡಿಯುವವನೇ ಯಾವಾಗಲೂ ಕಾರಣ ಅಲ್ಲ.

ಅಮೆರಿಕದ ಕಥೆಯಲ್ಲಿ ಕಪ್ಪು ಕಲೆಗಳೂ ಇವೆ. ಬ್ರಾಡಕ್ ಗೆದ್ದು ಎರಡು ತಿಂಗಳಿಗೆ, 1935ರ ಆಗಸ್ಟ್ 14ರಂದು, ಸಾಮಾಜಿಕ ಭದ್ರತಾ ಕಾಯ್ದೆ ಬಂತು. ಅದರಿಂದ ಹೊಲದ ಕೂಲಿಗಳನ್ನೂ ಮನೆಗೆಲಸದವರನ್ನೂ ಹೊರಗಿಟ್ಟರು. ಕಪ್ಪು ಜನರಲ್ಲಿ ಹೆಚ್ಚಿನವರು ದುಡೀತಿದ್ದದ್ದು ಅಲ್ಲೇ. ಯಾರಿಗೆ ಹೆಚ್ಚು ಬೇಕಿತ್ತೋ ಅವರೇ ಸಾಲಿನಿಂದಾಚೆ ಉಳಿದರು. ನಮ್ಮಲ್ಲೂ ಆಧಾರ್ ಹೊಂದದೆ, ಕಾರ್ಡ್ ರದ್ದಾಗಿ ನ್ಯಾಯಬೆಲೆ ಅಂಗಡಿಯಿಂದ ವಾಪಸ್ ಬರುವವರು ಯಾರು ಅಂತ ನೋಡಿದರೆ ಇದು ದೂರದ ಕಥೆ ಅನ್ನಿಸಲ್ಲ.

ಪಟ್ಟ ಇಳಿದ ಮೇಲೆ

ಬ್ರಾಡಕ್ ಎರಡು ವರ್ಷ ಚಾಂಪಿಯನ್ ಆಗಿದ್ದ. 1937ರ ಜೂನ್ 22ರಂದು ಷಿಕಾಗೋದಲ್ಲಿ ಜೋ ಲೂಯಿಸ್ ಎದುರು ಪಟ್ಟ ಪಣಕ್ಕಿಟ್ಟ. ಲೂಯಿಸ್ ಕಪ್ಪು ಯುವಕ. 1915ರಲ್ಲಿ ಜ್ಯಾಕ್ ಜಾನ್ಸನ್ ಪಟ್ಟ ಕಳೆದುಕೊಂಡ ಮೇಲೆ 22 ವರ್ಷ ಯಾವ ಕಪ್ಪು ಬಾಕ್ಸರ್‌ಗೂ ಹೆವಿವೇಟ್ ಪಟ್ಟಕ್ಕೆ ಆಡುವ ಅವಕಾಶ ಕೊಟ್ಟಿರಲಿಲ್ಲ. ಬ್ರಾಡಕ್ ಒಪ್ಪಿದ್ದು ಬರೀ ಉದಾರತೆಯಿಂದ ಅಂತ ನಾನು ಹೇಳಲ್ಲ. ಲೂಯಿಸ್‌ನ ಪ್ರವರ್ತಕನ ಮುಂದಿನ ಹತ್ತು ವರ್ಷದ ಲಾಭದಲ್ಲಿ ಶೇ. 10 ಪಾಲು ಬರುವಂತೆ ಒಪ್ಪಂದ ಆಗಿತ್ತು. ಮೊದಲ ಸುತ್ತಿನಲ್ಲಿ ಲೂಯಿಸ್‌ನನ್ನು ಕೆಡವಿದ. ಆಮೇಲೆ ಪೆಟ್ಟು ತಿಂದದ್ದೇ ತಿಂದದ್ದು. ಮ್ಯಾನೇಜರ್ ಪಂದ್ಯ ನಿಲ್ಲಿಸೋಕೆ ಹೊರಟರೂ ಒಪ್ಪಲಿಲ್ಲ. ಎಂಟನೇ ಸುತ್ತಿನಲ್ಲಿ ಬಿದ್ದ.

ಅವನನ್ನು ಸೋಲಿಸಿದ ಲೂಯಿಸ್‌ನ ಕುಟುಂಬವೂ ಕುಸಿತದ ದಿನಗಳಲ್ಲಿ ಡೆಟ್ರಾಯಿಟ್‌ನಲ್ಲಿ ಪರಿಹಾರ ಪಡೆದಿತ್ತು. ಲೂಯಿಸ್ ಕೂಡ ಗೆದ್ದ ಮೇಲೆ ಆ ಹಣವನ್ನು ನಗರಾಡಳಿತಕ್ಕೆ ವಾಪಸ್ ಕಟ್ಟಿದ. ಅಂದರೆ ಆ ರಾತ್ರಿ ರಿಂಗಿನಲ್ಲಿದ್ದ ಇಬ್ಬರೂ ಸರ್ಕಾರದ ನೆರವು ಉಂಡವರೇ.

1938ರ ಜನವರಿಯಲ್ಲಿ ಟಾಮಿ ಫಾರ್ ಮೇಲೆ ಗೆದ್ದು ಬ್ರಾಡಕ್ ರಿಂಗಿನಿಂದ ಇಳಿದ. ಎರಡನೇ ಮಹಾಯುದ್ಧದಲ್ಲಿ ಸೇನೆ ಸೇರಿ ಪೆಸಿಫಿಕ್‌ನ ಸೈಪಾನ್ ದ್ವೀಪದಲ್ಲಿ ಕೆಲಸ ಮಾಡಿದ. ಯುದ್ಧ ಮುಗಿದ ಮೇಲೆ ಹಡಗಿನ ಸಾಮಗ್ರಿಗಳ ವ್ಯವಹಾರ ನಡೆಸಿದ. 1960ರ ದಶಕದ ಆರಂಭದಲ್ಲಿ ನ್ಯೂಯಾರ್ಕಿನ ವೆರಝಾನೊ ಸೇತುವೆ ಕಟ್ಟುವಾಗ ಅಲ್ಲಿನ ಕೆಲಸಗಾರರಲ್ಲಿ ಈ ಮಾಜಿ ವಿಶ್ವ ಚಾಂಪಿಯನ್ನನೂ ಒಬ್ಬ. ಆಗ ಅವನಿಗೆ ಅರವತ್ತರ ಹತ್ತಿರ ವಯಸ್ಸು. 1974ರ ನವೆಂಬರ್ 29ರಂದು, ಹಡಗುಕಟ್ಟೆಗಳಿಗೆ ಹತ್ತಿರದ ನಾರ್ತ್ ಬರ್ಗನ್‌ನ ತನ್ನ ಮನೆಯಲ್ಲಿ ತೀರಿಕೊಂಡ.

ಅರ್ಜಿ ಹಾಕಿ ಪರಿಹಾರ ಪಡೆದ ಆ ಮನುಷ್ಯ ಅದಾದ ಮೇಲೆ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ದುಡಿದ. ನೆರವು ಅವನನ್ನು ಕೆಡಿಸಲಿಲ್ಲ. ಬಿದ್ದಿದ್ದಾಗ ಎದ್ದು ನಿಲ್ಲುವಷ್ಟು ಸಮಯ ಕೊಟ್ಟಿತು. ಮುಂದಿನ ಸಲ ನಮ್ಮ ಬಡಾವಣೆಯಲ್ಲಿ ಸೋಮಾರಿ ಅನ್ನೋ ಮಾತು ಬಂದಾಗ, ಯಾರನ್ನು ಕುರಿತು ಹೇಳ್ತಾ ಇದ್ದೀವಿ ಅಂತ ನೀವು ಒಮ್ಮೆ ಕೇಳಿ ನೋಡಿ. ನಾನೂ ಕೇಳ್ತೀನಿ.