ಮಕ್ಕಳು ಕುಣಿಯುವ ಹಾಡಿನ ಹಿಂದಿನ ಮಾಸ್ತರ

ಹುಬ್ಬಳ್ಳಿ-ಧಾರವಾಡ ಕಡೆಯ ಶಾಲೆಗಳ ಗ್ಯಾದರಿಂಗ್‌ನಲ್ಲಿ ಮಕ್ಕಳು ಕೋಳಿ-ಕೋಡಗನ ಹಾಡಿಗೆ ಕುಣಿಯೋದನ್ನ ನೀವೂ ನೋಡಿರ್ತೀರಿ. ಕೋಡಗ ಅಂದ್ರೆ ಮಂಗ. ಕೋಳಿ ಮಂಗನನ್ನ, ಆಡು ಆನೆಯನ್ನ ನುಂಗಿದ್ರೆ ಯಾವ ಮಗು ನಗಲ್ಲ?

ಈ ಹಾಡು ಕಟ್ಟಿದ ಶಿಶುನಾಳ ಶರೀಫರು ಹುಟ್ಟಿದ್ದು 1819ರಲ್ಲಿ, ಈಗಿನ ಹಾವೇರಿ ಜಿಲ್ಲೆಯ ಶಿಶುನಾಳದಲ್ಲಿ. ತಂದೆ ಇಮಾಮ್ ಸಾಹೇಬರು, ತಾಯಿ ಹಜ್ಜೂಮಾ. ಕೆಲಕಾಲ ಕನ್ನಡ ಶಾಲೆಯ ಮಾಸ್ತರಾಗಿದ್ದ ಶರೀಫರು ಆ ಕೆಲಸ ಬಿಟ್ಟು ಕಳಸದ ಗೋವಿಂದ ಭಟ್ಟರ ಶಿಷ್ಯರಾದರು. ಬ್ರಾಹ್ಮಣ ಗುರು, ಮುಸ್ಲಿಂ ಶಿಷ್ಯ. ಎರಡೂ ಕಡೆಯವರು ಸಿಟ್ಟಾದರು. ಗುರು ಶಿಷ್ಯನಿಗೆ ಜನಿವಾರ ಹಾಕಿದ ಕಥೆಯನ್ನ ಜನ ಇಂದಿಗೂ ಹೇಳ್ತಾರೆ. ಹಾಗಂತ ಶರೀಫರು ಹುಟ್ಟಿದ ಧರ್ಮವನ್ನೇನೂ ಬಿಡಲಿಲ್ಲ. ಮೊಹರಂಗೆ ರಿವಾಯತ್ ಪದಗಳನ್ನೂ ಕಟ್ಟಿದರು.

1889ರಲ್ಲಿ ತೀರಿಕೊಂಡಾಗ ಎರಡೂ ಧರ್ಮದ ವಿಧಿಗಳು ನಡೆದವು. ಅವರ ಗದ್ದುಗೆಗೆ ಇವತ್ತಿಗೂ ಹಿಂದೂಗಳೂ ಮುಸ್ಲಿಮರೂ ನಡೆದುಕೊಳ್ತಾರೆ. ಮುಂದೆ ಸಿ. ಅಶ್ವಥ್ ಅವರ ದನಿ ಮತ್ತು 1990ರ ನಾಗಾಭರಣ ಅವರ ಸಿನಿಮಾ ಈ ತತ್ವಪದಗಳನ್ನ ಮನೆಮನೆಗೆ ಮುಟ್ಟಿಸಿದವು.

ಆ ಹಾಡಿನ ಕೊನೆಯಲ್ಲಿ ಪ್ರಾಣಿಗಳಿಲ್ಲ. ಅಲ್ಲಿ ಗುರುವಿನ ಪಾದವೇ ಕವಿಯನ್ನ ನುಂಗುತ್ತೆ, ನಾನು ಅನ್ನೋದು ಉಳಿಯಲ್ಲ. ಧರ್ಮ ಕೇಳಿ ವ್ಯಾಪಾರ ಮಾಡಿ ಅನ್ನುವ ಈ ಕಾಲದಲ್ಲಿ ಮಕ್ಕಳಿಗೆ ಕುಣಿತದ ಸ್ಟೆಪ್ ಅಷ್ಟೇ ಕಲಿಸಿದ್ರೆ ಸಾಲದು. ಈ ಮಾಸ್ತರ ಯಾರು ಅಂತಾನೂ ಹೇಳಬೇಕು.