ವಲಸೆ ಹಕ್ಕಿಗಳು ಮಂಗನ ಕಾಯಿಲೆ ತಂದವೇ? ಹಕ್ಕಿಯ ಕಾಲಿಗೆ ಉಂಗುರ ತೊಡಿಸಿ ಉತ್ತರ ಹುಡುಕಿದ ಸಲೀಂ ಅಲಿ

ಚಳಿಗಾಲ ಬಂತೆಂದರೆ ಹೊಸಕೋಟೆ ಕೆರೆಗೆ ದೂರದ ಹಕ್ಕಿಗಳು ಬರುತ್ತವೆ. ಜೊತೆಗೆ ನಮ್ಮ ಮೊಬೈಲ್‌ಗೆ ಒಂದು ಸಂದೇಶವೂ ಬರಬಹುದು: ವಿದೇಶಿ ಹಕ್ಕಿಗಳು ರೋಗ ತರುತ್ತವೆ, ಓಡಿಸಿ ಎಂದು. ಈ ಅನುಮಾನ ಹೊಸದಲ್ಲ. ಅರವತ್ತು ವರ್ಷಗಳ ಹಿಂದೆಯೇ ಕರ್ನಾಟಕದ ಒಂದು ರೋಗದ ಬಗ್ಗೆ ಇದೇ ಪ್ರಶ್ನೆ ಎದ್ದಿತ್ತು. ಅದನ್ನು ಪರೀಕ್ಷಿಸಲು ಹೊರಟವರು ಪಕ್ಷಿತಜ್ಞ ಡಾ. ಸಲೀಂ ಅಲಿ.

ಪದವಿ ಇಲ್ಲದ ವಿಜ್ಞಾನಿ

ಸಲೀಂ ಅಲಿ ಹುಟ್ಟಿದ್ದು 1896ರ ನವೆಂಬರ್ 12ರಂದು, ಮುಂಬೈನಲ್ಲಿ. ಚಿಕ್ಕಂದಿನಲ್ಲೇ ತಂದೆ ತಾಯಿಯನ್ನು ಕಳೆದುಕೊಂಡು ಸೋದರಮಾವನ ಮನೆಯಲ್ಲಿ ಬೆಳೆದರು. ಹತ್ತರ ಆಸುಪಾಸಿನ ವಯಸ್ಸಿನಲ್ಲಿ ಏರ್‌ಗನ್‌ನಿಂದ ಒಂದು ಗುಬ್ಬಿ ಹೊಡೆದರು. ಅದರ ಕೊರಳಲ್ಲಿ ಹಳದಿ ಮಚ್ಚೆಯಿತ್ತು. ಇದು ಯಾವ ಹಕ್ಕಿ ಎಂದು ಕೇಳಲು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಮೆಟ್ಟಿಲು ಹತ್ತಿದ ಹುಡುಗ, ಮುಂದೆ ಅದೇ ಸಂಸ್ಥೆಯ ಜೀವಾಳವಾದ.

ವಿಶ್ವವಿದ್ಯಾಲಯದ ಪದವಿ ಇಲ್ಲದ ಕಾರಣ ಸರ್ಕಾರಿ ಪಕ್ಷಿತಜ್ಞನ ಹುದ್ದೆ ಕೈತಪ್ಪಿತು. ಮುಂದೆ ಬರ್ಲಿನ್‌ಗೆ ಹೋಗಿ ಎರ್ವಿನ್ ಸ್ಟ್ರೆಸೆಮನ್ ಬಳಿ ಕಲಿತರು. ಮರಳಿದಾಗ ಇದ್ದ ಕೆಲಸವೂ ಇರಲಿಲ್ಲ. ಮುಂಬೈ ಬಳಿಯ ಕಿಹಿಂ ಎಂಬ ಹಳ್ಳಿಯಲ್ಲಿ ಕುಳಿತು ಗೀಜಗನ ಗೂಡುಗಳನ್ನು ದಿನವೂ ಗಮನಿಸಿದರು. ಒಂದೇ ಗಂಡು ಹಲವು ಗೂಡು ಕಟ್ಟಿ ಹಲವು ಹೆಣ್ಣುಗಳ ಜೊತೆ ಸಂಸಾರ ಹೂಡುತ್ತದೆ ಎಂದು ತೋರಿಸಿದ ಆ ಅಧ್ಯಯನವೇ ಅವರಿಗೆ ಹೆಸರು ತಂದಿತು.

ಮೈಸೂರು ಸೀಮೆಯಲ್ಲಿ

1939ರಲ್ಲಿ ಪತ್ನಿ ತೆಹ್ಮಿನಾ ಶಸ್ತ್ರಚಿಕಿತ್ಸೆಯ ನಂತರ ತೀರಿಕೊಂಡರು. ಅದರ ಬೆನ್ನಲ್ಲೇ, 1939–40ರಲ್ಲಿ, ಸಲೀಂ ಅಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಕೈಗೊಂಡರು. ಕಾವೇರಿ ನದಿಯ ರಂಗನತಿಟ್ಟು ನಡುಗಡ್ಡೆಗಳಲ್ಲಿ ಹಕ್ಕಿಗಳು ಗೂಡು ಕಟ್ಟುವುದನ್ನು ಕಂಡು, ಅದನ್ನು ಕಾಪಾಡುವಂತೆ ಅರಸರ ಮನವೊಲಿಸಿದರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು.

ಮಂಗನ ಕಾಯಿಲೆಯ ಪ್ರಶ್ನೆ

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಜನರೂ ಜ್ವರದಿಂದ ಸತ್ತರು. ಪತ್ತೆಯಾದ ವೈರಸ್, ರಷ್ಯಾದಲ್ಲಿ ಉಣ್ಣೆಗಳಿಂದ ಹರಡುವ ವೈರಸ್‌ಗಳ ಹತ್ತಿರದ ಸಂಬಂಧಿಯಾಗಿತ್ತು. ಸೈಬೀರಿಯಾದಿಂದ ಬರುವ ಹಕ್ಕಿಗಳೇ ಇದನ್ನು ಹೊತ್ತು ತಂದವೇ?

ಅನುಮಾನ ತಪ್ಪಾಗಿರಲಿಲ್ಲ, ಆದರೆ ಅನುಮಾನವೇ ಪುರಾವೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಸಲೀಂ ಅಲಿ ತಂಡ ಸಾವಿರಾರು ಹಕ್ಕಿಗಳನ್ನು ಬಲೆಯಲ್ಲಿ ಹಿಡಿದು, ಮೈಮೇಲಿನ ಉಣ್ಣೆಗಳನ್ನು ಪರೀಕ್ಷಿಸಿ, ಕಾಲಿಗೆ ಸಂಖ್ಯೆಯಿರುವ ಹಗುರ ಉಂಗುರ ತೊಡಿಸಿ ಹಾರಿಬಿಟ್ಟಿತು. ಆ ಉಂಗುರ ಇನ್ನೆಲ್ಲಾದರೂ ಸಿಕ್ಕರೆ ಹಕ್ಕಿಯ ದಾರಿ ತಿಳಿಯುತ್ತದೆ. ವಲಸೆ ಹಕ್ಕಿಗಳೇ ರೋಗ ತಂದವು ಎಂಬುದು ಸಾಬೀತಾಗಲಿಲ್ಲ. ಈ ಕಾಯಿಲೆ ಮನುಷ್ಯರಿಗೆ ಬರುವುದು ಮುಖ್ಯವಾಗಿ ಕಾಡಿನ ಉಣ್ಣೆ ಕಚ್ಚುವುದರಿಂದ. ಸತ್ತ ಮಂಗ ಅದರ ಮುನ್ಸೂಚನೆ.

ರೋಗಕ್ಕಾಗಿ ಶುರುವಾದ ಈ ಕೆಲಸದಿಂದ ಭಾರತದ ವಲಸೆ ಹಕ್ಕಿಗಳು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತವೆ ಎಂಬ ದೊಡ್ಡ ದಾಖಲೆಯೇ ಸಿದ್ಧವಾಯಿತು.

ಇಂದು ಇದರಿಂದೇನು?

ಡಿಲನ್ ರಿಪ್ಲಿ ಜೊತೆ ಹತ್ತು ಸಂಪುಟಗಳ ಪಕ್ಷಿ ಕೈಪಿಡಿ ಬರೆದ, ಅಳಿವಿನಂಚಿನ ಎರೆಭೂತ ಹಕ್ಕಿಯೇ ರಾಷ್ಟ್ರಪಕ್ಷಿಯಾಗಲಿ ಎಂದು ವಾದಿಸಿದ, ಸೈಲೆಂಟ್ ವ್ಯಾಲಿ ಕಾಡಿನ ಪರ ನಿಂತ ಸಲೀಂ ಅಲಿ 1987ರ ಜೂನ್ 20ರಂದು ತೀರಿಕೊಂಡರು. 1976ರಲ್ಲಿ ಪದ್ಮವಿಭೂಷಣ, 1985ರಲ್ಲಿ ರಾಜ್ಯಸಭೆಯ ಸ್ಥಾನ ಅವರಿಗೆ ಸಂದಿದ್ದವು. ಹವಾಮಾನ ಬದಲಾವಣೆ ಆಗಿನ್ನೂ ಮನೆಮಾತಾಗಿರಲಿಲ್ಲ. ಆದರೆ ಹಕ್ಕಿಗಳು ಬರುವ ಕಾಲ, ಇರುವ ಜಾಗ ಈಗ ಬದಲಾಗಿದೆಯೇ ಎಂದು ತಿಳಿಯಲು ಹಳೆಯ ಲೆಕ್ಕ ಬೇಕು. ಅವರ ಸಮೀಕ್ಷೆಗಳು ಅಂಥ ಲೆಕ್ಕ.

ನೆನಪಿಡಿ

• ಹಕ್ಕಿಜ್ವರದ ವೈರಸ್ ಕಾಡುಹಕ್ಕಿಗಳಲ್ಲಿ ಇರಬಹುದು. ಕೆರೆಯ ಬಳಿ ಹಕ್ಕಿಗಳು ಸತ್ತಿದ್ದರೆ ಮುಟ್ಟಬೇಡಿ, ಪಶುವೈದ್ಯ ಇಲಾಖೆಗೆ ತಿಳಿಸಿ.
• ದೂರದಿಂದ ನೋಡಿದರೆ ರೋಗ ಅಂಟುವುದಿಲ್ಲ. ಹಕ್ಕಿಗಳನ್ನು ಓಡಿಸುವುದು, ಗೂಡು ಕೆಡವುವುದು ಪರಿಹಾರವಲ್ಲ.
• ಕಾಲಲ್ಲಿ ಉಂಗುರವಿರುವ ಹಕ್ಕಿ ಕಂಡರೆ ದೂರದಿಂದಲೇ ಫೋಟೋ ತೆಗೆದು ಅರಣ್ಯ ಇಲಾಖೆಗೆ ತಿಳಿಸಿ. ಅದು ಎಲ್ಲಿಂದ ಬಂತೆಂದು ತಿಳಿಯಬಹುದು.

ಹಕ್ಕಿ ಓಡಿಸಿ ಎಂಬ ಸಂದೇಶ ನಿಮ್ಮ ಗ್ರೂಪ್‌ಗೆ ಬಂದರೆ, ಅದರ ಕೆಳಗೆ ಇದನ್ನು ಹಾಕಿ.